ಮನೆಯ ಬೆಕ್ಕು ಜಾನಮಾಜಿನ ಮೇಲೆ ಮೂತ್ರ ಮಾಡಿದರೆ



ತಹಾರತ್, ಅಂದರೆ ಪಾಕಿಯ ವಿಷಯವಾಗಿ ಜುಮ್ಮಾದಲ್ಲಿ ಖುತ್ಬಾ ಆದ ದಿನ, ನಮಾಜು ಮುಗಿದ ಮೇಲೆ ಇಮಾಮ್ ಸಾಹೇಬರನ್ನು ಕೇಳುವ ಪ್ರಶ್ನೆಗಳಲ್ಲಿ ಬೆಕ್ಕಿನದೂ ಒಂದು ಇದ್ದೇ ಇರುತ್ತದೆ. ಬೆಕ್ಕು ನೀರಿನ ಕೊಡಕ್ಕೆ ಬಾಯಿ ಹಾಕಿತು, ಆ ನೀರಿನಿಂದ ವುಜೂ ಆಗುತ್ತದೆಯೇ ಎಂಬುದು ಹಳೆಯ ಪ್ರಶ್ನೆ. ಈಗ ಅದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. ಮನೆಯೊಳಗೇ ಸಾಕಿದ ಬೆಕ್ಕು ತನಗಾಗಿ ಇಟ್ಟ ಉಸುಕಿನ ಬುಟ್ಟಿಯನ್ನು ಬಿಟ್ಟು ಹಾಸಿಗೆಯ ಮೇಲೆ, ಮಡಿಚಿಟ್ಟ ಬಟ್ಟೆಯ ಮೇಲೆ, ಕೊನೆಗೆ ಜಾನಮಾಜಿನ ಮೇಲೂ ಮೂತ್ರ ಮಾಡುತ್ತಿದೆ, ಏನು ಮಾಡಬೇಕು?

ಹಿಂದೆ ಈ ಪ್ರಶ್ನೆ ಹೆಚ್ಚಾಗಿ ಬರುತ್ತಿರಲಿಲ್ಲ. ನವಲಗುಂದ, ಕುಂದಗೋಳ, ಅಣ್ಣಿಗೇರಿ ಕಡೆಯ ಮನೆಗಳಲ್ಲಿ ಜೋಳ, ಗೋಧಿ, ಕಡಲೆ ತುಂಬಿಡುತ್ತಿದ್ದರು. ಇಲಿಯ ಕಾಟಕ್ಕೆ ಬೆಕ್ಕು ಬೇಕಿತ್ತು. ಅದು ಒಳಗೂ ಹೊರಗೂ ಓಡಾಡಿಕೊಂಡಿತ್ತು. ಹಿತ್ತಲ ಮಣ್ಣಿನಲ್ಲೋ ತಿಪ್ಪೆಯ ಬದಿಯಲ್ಲೋ ಗುಂಡಿ ತೋಡಿ, ಕೆಲಸ ಮುಗಿಸಿ, ಮುಚ್ಚಿ ಬರುತ್ತಿತ್ತು. ಈಗ ಓಣಿಗೆ ಸಿಮೆಂಟು ಬಿದ್ದಿದೆ, ಹಿತ್ತಲಿಗೆ ಫರಸಿ ಹಾಸಿದೆ, ಬೀದಿನಾಯಿಗಳ ಹಿಂಡು ಹೆಚ್ಚಿದೆ. ಮಕ್ಕಳು ಹುಬ್ಬಳ್ಳಿಯಿಂದ ಉದ್ದ ಕೂದಲಿನ ಪರ್ಷಿಯನ್ ಮರಿ ತರುತ್ತಾರೆ. ಅದನ್ನು ಹೊರಗೆ ಬಿಡುವಂತಿಲ್ಲ. ಹೀಗೆ ಬೆಕ್ಕನ್ನು ನಾಲ್ಕು ಗೋಡೆಯೊಳಗೆ ಇಟ್ಟುಕೊಂಡ ಮೇಲೆ, ಅದಕ್ಕೆ ಅನ್ನ ನೀರು ಕೊಡುವಂತೆ ಶೌಚದ ಜಾಗವನ್ನೂ ಸರಿಯಾಗಿ ಒದಗಿಸುವುದು ನಮ್ಮ ಮೇಲಿನ ಜವಾಬ್ದಾರಿಯಾಯಿತು.

ಬೆಕ್ಕು ನಾಪಾಕ್ ಅಲ್ಲ, ಅದರ ಮೂತ್ರ ನಾಪಾಕ್

ಮೊದಲು ದೀನಿನ ಹುಕುಮ್ ತಿಳಿದುಕೊಳ್ಳೋಣ. ಹಜ್ರತ್ ಅಬೂ ಕತಾದಾ(ರ) ಅವರು ಸೊಸೆಯ ಮನೆಗೆ ಹೋದಾಗ ಆಕೆ ಅವರ ವುಜೂಗೆಂದು ನೀರಿಟ್ಟರು. ಬೆಕ್ಕೊಂದು ಬಂದು ಆ ನೀರಿಗೆ ಬಾಯಿ ಹಾಕಿತು. ಅವರು ಅದನ್ನು ಓಡಿಸದೆ, ಕುಡಿಯಲು ಸುಲಭವಾಗಲೆಂದು ಪಾತ್ರೆಯನ್ನೇ ಬಾಗಿಸಿ ಹಿಡಿದರು. ಸೊಸೆ ಅಚ್ಚರಿಯಿಂದ ನೋಡುವುದನ್ನು ಕಂಡು, ಬೆಕ್ಕು ನಾಪಾಕ್ ಅಲ್ಲವೆಂದೂ, ಅದು ನಮ್ಮ ನಡುವೆ ಸುತ್ತಾಡಿಕೊಂಡಿರುವ ಜೀವಗಳಲ್ಲಿ ಒಂದೆಂದೂ ಪ್ರವಾದಿ(ಸ)ರು ತಿಳಿಸಿದ್ದನ್ನು ಹೇಳಿದರು. ಅಬೂ ದಾವೂದ್, ತಿರ್ಮಿದಿ ಮುಂತಾದ ಹದೀಸ್ ಗ್ರಂಥಗಳಲ್ಲಿ ಈ ವರದಿಯಿದೆ. ನಮ್ಮ ಭಾಗದಲ್ಲಿ ಹೆಚ್ಚಿನವರು ಅನುಸರಿಸುವ ಹನಫಿ ಫಿಕ್‌ಹ್‌ನಲ್ಲಿ, ಬೇರೆ ನೀರು ಇದ್ದಾಗ ಬೆಕ್ಕು ಕುಡಿದುಳಿದ ನೀರನ್ನು ಬಿಡುವುದು ಒಳ್ಳೆಯದು ಎಂದಿದೆ. ಆದರೆ ಆ ನೀರು ನಾಪಾಕ್ ಅಲ್ಲ. ಆಗಷ್ಟೇ ಇಲಿ ತಿಂದು ಬಂದ ಬೆಕ್ಕಿನ ಬಾಯಿಯ ವಿಷಯ ಮಾತ್ರ ಬೇರೆ.

ಮೂತ್ರದ ಹುಕುಮ್ ಹೀಗಿಲ್ಲ. ಬೆಕ್ಕಿನ ಮೂತ್ರ ನಾಪಾಕ್. ಅದು ತಗುಲಿದ ಬಟ್ಟೆಯನ್ನು, ಜಾನಮಾಜನ್ನು ಪಾಕ್ ಮಾಡಿಕೊಂಡೇ ನಮಾಜಿಗೆ ಬಳಸಬೇಕು. ಹಿಂಡಬಹುದಾದ ಬಟ್ಟೆಯನ್ನು ಮೂರು ಸಲ ತೊಳೆದು, ಪ್ರತಿ ಸಲವೂ ಚೆನ್ನಾಗಿ ಹಿಂಡಬೇಕು. ಹಿಂಡಲಾಗದ ದಪ್ಪ ಜಮಖಾನೆ, ಗಾದಿಯಂಥದ್ದನ್ನು ತೊಳೆದು ನೀರು ತೊಟ್ಟಿಕ್ಕುವುದು ನಿಲ್ಲುವ ತನಕ ಬಿಟ್ಟು, ಹೀಗೆ ಮೂರು ಸಲ ಮಾಡಬೇಕು. ಪ್ರಯತ್ನಪಟ್ಟು ತೊಳೆದ ಮೇಲೂ ಹೋಗದೆ ಉಳಿದ ಕಲೆ ಅಥವಾ ವಾಸನೆಗೆ ರಿಯಾಯಿತಿ ಇದೆ. ಮಣ್ಣಿನ ನೆಲ ಒಣಗಿ, ಮೂತ್ರದ ಗುರುತು, ವಾಸನೆ ಹೋದರೆ ಅದು ನಮಾಜಿಗೆ ಪಾಕ್ ಆಗುತ್ತದೆ. ನಿಮ್ಮ ಮನೆಯ ವಸ್ತುವಿನ ಬಗ್ಗೆ ಸಂಶಯ ಬಂದರೆ ನಿಮ್ಮ ಮಸೀದಿಯ ಇಮಾಮರನ್ನು ಕೇಳಿಕೊಳ್ಳಿ.

ಇಲ್ಲಿ ಒಂದು ಮಾತು ನೆನಪಿಡಬೇಕು. ನಮಾಜಿನ ಲೆಕ್ಕ ಬೇರೆ, ಬೆಕ್ಕಿನ ಮೂಗಿನ ಲೆಕ್ಕ ಬೇರೆ. ಮೂರು ಸಲ ತೊಳೆದ ಜಾನಮಾಜು ನಮಗೆ ಪಾಕ್ ಆಯಿತು. ಆದರೆ ಬೆಕ್ಕಿನ ಮೂಗು ನಮ್ಮ ಮೂಗಿಗಿಂತ ಎಷ್ಟೋ ಪಟ್ಟು ಚುರುಕು. ಒಂದಿಷ್ಟು ವಾಸನೆ ಉಳಿದಿದ್ದರೂ, ಇದು ನನ್ನ ಶೌಚದ ಜಾಗ ಎಂದುಕೊಂಡು ಅದು ಮತ್ತೆ ಅಲ್ಲಿಗೇ ಬರುತ್ತದೆ. ಆದ್ದರಿಂದ ಪಾಕ್ ಮಾಡಿಕೊಳ್ಳುವುದರ ಜೊತೆಗೆ, ಬೆಕ್ಕು ಯಾಕೆ ಹೀಗೆ ಮಾಡುತ್ತಿದೆ ಎಂಬುದನ್ನೂ ನೋಡಬೇಕು.

ಬಾಯಿಲ್ಲದ ಜೀವದ ದೂರು

ಪ್ರವಾದಿ(ಸ)ರು ಒಮ್ಮೆ ಒಬ್ಬ ಅನ್ಸಾರಿಯ ತೋಟಕ್ಕೆ ಹೋದಾಗ ಅಲ್ಲಿದ್ದ ಒಂಟೆ ಅವರನ್ನು ಕಂಡು ನರಳಿತು, ಅದರ ಕಣ್ಣಲ್ಲಿ ನೀರು ಬಂತು. ಅವರು ಹತ್ತಿರ ಹೋಗಿ ಅದರ ತಲೆ ಸವರಿ ಸಮಾಧಾನ ಮಾಡಿದರು. ನಂತರ ಅದರ ಒಡೆಯನನ್ನು ಕರೆಸಿ, ಅಲ್ಲಾಹನು ನಿನ್ನ ವಶಕ್ಕೆ ಕೊಟ್ಟ ಈ ಪ್ರಾಣಿಯ ವಿಷಯದಲ್ಲಿ ಅವನನ್ನು ಭಯಪಡುವುದಿಲ್ಲವೇ, ನೀನು ಇದನ್ನು ಹಸಿವಿಗೆ ಹಾಕಿ ದಣಿಸುತ್ತೀಯೆಂದು ಇದು ದೂರು ಹೇಳುತ್ತಿದೆ ಎಂಬ ಅರ್ಥದ ಮಾತು ಹೇಳಿದರು. ಇದು ಅಬೂ ದಾವೂದ್‌ನಲ್ಲಿ ಬಂದಿದೆ.

ಒಂಟೆಯ ಮಾತು ತಿಳಿಯುವುದು ಪ್ರವಾದಿ(ಸ)ರಿಗೆ ಅಲ್ಲಾಹನು ಕೊಟ್ಟ ಮುಅಜಿಜಾ. ನಮಗೆ ಆ ಶಕ್ತಿ ಇಲ್ಲ. ಆದರೆ ಪ್ರಾಣಿಯ ನಡೆಯನ್ನು ನೋಡಿ ತಿಳಿಯುವ ಬುದ್ಧಿಯನ್ನು ಕೊಟ್ಟಿದ್ದಾನೆ. ಬೆಕ್ಕು ಸ್ವಭಾವದಿಂದ ಸ್ವಚ್ಛ ಪ್ರಾಣಿ. ಸಡಿಲ ಉಸುಕು, ಮಣ್ಣು ಕಂಡರೆ ಕೆದರಿ ಮುಚ್ಚುವುದು ಅದಕ್ಕೆ ಹುಟ್ಟಿನಿಂದ ಬಂದದ್ದು. ಅಂಥ ಪ್ರಾಣಿ ತನ್ನ ಬುಟ್ಟಿ ಬಿಟ್ಟು ಬೇರೆಡೆ ಮೂತ್ರ ಮಾಡಿದರೆ ಅದರ ಹಿಂದೆ ಕಾರಣ ಇರುತ್ತದೆ: ಮೈಯಲ್ಲಿ ನೋವು, ಬುಟ್ಟಿಯಲ್ಲಿ ದೋಷ, ಅಥವಾ ಮನೆಯಲ್ಲಿ ಭಯ. ನಮ್ಮ ಮೇಲಿನ ಸಿಟ್ಟಿಗೆ, ಸೇಡಿಗೆ ಅದು ಹೀಗೆ ಮಾಡುವುದಿಲ್ಲ. ಜಾನಮಾಜಿನ ಮೇಲೆ ಮಾಡಿತೆಂದರೆ ಅದರಲ್ಲಿ ಶೈತಾನನ ಕೈವಾಡ ಹುಡುಕುವುದೂ ಬೇಡ. ಜಾನಮಾಜು ಮೆತ್ತಗಿದೆ, ನೀರು ಹೀರಿಕೊಳ್ಳುತ್ತದೆ, ಮೂಲೆಯಲ್ಲಿ ಹಾಸಿಯೇ ಇದೆ; ಬೆಕ್ಕಿಗೆ ಅಷ್ಟೇ ಗೊತ್ತು.

ಮೊದಲು ಕಾಯಿಲೆ ಇದೆಯೇ ನೋಡಿ

ಇದುವರೆಗೆ ಬುಟ್ಟಿಯಲ್ಲೇ ಮಾಡುತ್ತಿದ್ದ ಬೆಕ್ಕು ದಿಢೀರನೆ ಬೇರೆ ಕಡೆ ಮಾಡತೊಡಗಿದರೆ ಮೊದಲ ಸಂಶಯ ಕಾಯಿಲೆಯ ಮೇಲೆ ಇರಬೇಕು. ಮೂತ್ರಕೋಶದಲ್ಲಿ ಉರಿಯೂತವಾದಾಗ, ಹರಳು ಕಟ್ಟಿದಾಗ ಮೂತ್ರ ಮಾಡುವಾಗ ನೋವಾಗುತ್ತದೆ. ನೋವು ಬುಟ್ಟಿಯಿಂದಲೇ ಬಂತೆಂದು ಬೆಕ್ಕು ಭಾವಿಸುತ್ತದೆ, ಬುಟ್ಟಿಯನ್ನು ಬಿಟ್ಟು ಮೆತ್ತಗಿನ ಜಾಗ ಹುಡುಕುತ್ತದೆ. ಕಿಡ್ನಿಯ ತೊಂದರೆ, ಸಕ್ಕರೆ ಕಾಯಿಲೆ ಇರುವ ಬೆಕ್ಕು ಹೆಚ್ಚು ನೀರು ಕುಡಿದು ಹೆಚ್ಚು ಮೂತ್ರ ಮಾಡುತ್ತದೆ, ಬುಟ್ಟಿ ಬೇಗ ಹಸಿಯಾಗುತ್ತದೆ. ಮುದಿ ಬೆಕ್ಕಿಗೆ ಕೀಲುನೋವಿದ್ದರೆ ಎತ್ತರದ ಅಂಚು ದಾಟಿ ಒಳಗೆ ಇಳಿಯುವುದೇ ಕಷ್ಟ.

ಇವುಗಳಲ್ಲಿ ಒಂದನ್ನು ಮಾತ್ರ ನಾಳೆ ನೋಡೋಣ ಎಂದು ಬಿಡುವಂತಿಲ್ಲ. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಹರಳಿನ ಪುಡಿ ಅಥವಾ ಲೋಳೆ ಅದರಲ್ಲಿ ಸಿಕ್ಕಿಕೊಂಡರೆ ಮೂತ್ರ ಪೂರ್ತಿ ಕಟ್ಟಿಹೋಗುತ್ತದೆ. ಬೆಕ್ಕು ಮೇಲಿಂದ ಮೇಲೆ ಹೋಗಿ ಕೂರುತ್ತದೆ, ತಿಣುಕುತ್ತದೆ, ಕೂಗುತ್ತದೆ, ಆ ಜಾಗವನ್ನು ನೆಕ್ಕಿಕೊಳ್ಳುತ್ತಲೇ ಇರುತ್ತದೆ. ಒಂದೆರಡು ಹನಿ ಬರಬಹುದು, ಅದರಲ್ಲಿ ರಕ್ತ ಇರಬಹುದು, ಅಥವಾ ಏನೂ ಬಾರದಿರಬಹುದು. ಮಲ ಕಟ್ಟಿದೆ ಎಂದು ತಿಳಿದು ಹರಳೆಣ್ಣೆ ಕುಡಿಸುವವರಿದ್ದಾರೆ. ಹಾಗೆ ಮಾಡುತ್ತ ಕೂತರೆ ವಿಷ ರಕ್ತಕ್ಕೆ ಏರಿ, ವಾಂತಿಯಾಗಿ, ಬೆಕ್ಕು ಒಂದೆರಡು ದಿನದಲ್ಲೇ ಸಾಯಬಹುದು. ಇಂಥ ಲಕ್ಷಣ ಕಂಡರೆ ಅದೇ ಹೊತ್ತಿಗೆ ವೈದ್ಯರ ಬಳಿ ಒಯ್ಯಿರಿ. ಹೊಟ್ಟೆ ಒತ್ತಬೇಡಿ. ಮನುಷ್ಯರ ನೋವಿನ ಮಾತ್ರೆ ಕೊಡಲೇಬೇಡಿ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಲ್ಲದು.

ಪಶು ಆಸ್ಪತ್ರೆ ಎಂದರೆ ದನ, ಎಮ್ಮೆ, ಕುರಿಗೆ ಮಾತ್ರ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಬೆಕ್ಕನ್ನೂ ತೋರಿಸಬಹುದು. ಪಶುಪಾಲನಾ ಇಲಾಖೆಯ ಸಹಾಯವಾಣಿ 1962ಕ್ಕೆ ಕರೆ ಮಾಡಿ ವಿಚಾರಿಸಬಹುದು. ನಾಳಕ್ಕೆ ಕೊಳವೆ ಹಾಕಿ ಮೂತ್ರ ತೆಗೆಯುವಂಥ ಕೆಲಸಕ್ಕೆ ಸಣ್ಣ ಪ್ರಾಣಿಗಳನ್ನು ನೋಡುವ ವೈದ್ಯರು ಬೇಕಾದರೆ ಹುಬ್ಬಳ್ಳಿ, ಧಾರವಾಡದಲ್ಲಿ ಸಿಗುತ್ತಾರೆ. ಅಣ್ಣಿಗೇರಿಯವರಿಗೆ ಹತ್ತಿರದ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ. ಹೋಗುವ ಮೊದಲು ಫೋನ್ ಮಾಡಿ ಕೇಳಿಕೊಳ್ಳಿ. ಎಷ್ಟು ದಿನದಿಂದ ಹೀಗಾಗುತ್ತಿದೆ, ದಿನಕ್ಕೆ ಎಷ್ಟು ಸಲ ಹೋಗುತ್ತದೆ, ಮೂತ್ರ ಹೆಚ್ಚೋ ಹನಿಯೋ, ರಕ್ತ ಇದೆಯೋ, ಏನು ತಿನ್ನುತ್ತದೆ ಎಂಬುದನ್ನು ಬರೆದುಕೊಂಡು ಹೋದರೆ ವೈದ್ಯರಿಗೆ ಅರ್ಧ ಕೆಲಸ ಹಗುರ.

ಕಾಯಿಲೆ ಬಾರದಂತೆ ಮನೆಯಲ್ಲೇ ಮಾಡಬಹುದಾದದ್ದು ನೀರಿನ ವಿಷಯ. ಬೆಕ್ಕು ಸಾಮಾನ್ಯವಾಗಿ ನೀರು ಕಡಿಮೆ ಕುಡಿಯುತ್ತದೆ, ಅದರ ಮೂತ್ರ ಗಟ್ಟಿಯಾಗಿರುತ್ತದೆ. ಬರೀ ಒಣ ಕಾಳಿನಂಥ ಪ್ಯಾಕೆಟ್ ಆಹಾರ ತಿನ್ನುವ ಬೆಕ್ಕಿಗೆ ಇದು ಹೆಚ್ಚು ತೊಂದರೆ. ಆ ಆಹಾರಕ್ಕೆ ನೀರು ಬೆರೆಸಿ ಕೊಡಿ, ಉಪ್ಪು ಮಸಾಲೆ ಇಲ್ಲದೆ ಬೇಯಿಸಿದ ಕೋಳಿ ಮಾಂಸವನ್ನು ಅದರ ನೀರಿನ ಸಮೇತ ಕೊಡಿ. ಎರಡು ಮೂರು ಕಡೆ ಅಗಲ ಬಾಯಿಯ ಬಟ್ಟಲಲ್ಲಿ ನೀರಿಡಿ. ಬೋರಿನ ಉಪ್ಪು ನೀರು ಬೇಡ, ನಾವು ಕುಡಿಯುವ ನೀರನ್ನೇ ಇಡಿ.

ಕೂತು ಮಾಡಿತೋ, ನಿಂತು ಚಿಮ್ಮಿಸಿತೋ?

ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೆ ಇದನ್ನು ಗಮನಿಸಿ. ಬೆಕ್ಕು ಕೂತು, ನೆಲದ ಮೇಲೆ ಅಥವಾ ಹಾಸಿಗೆಯ ಮೇಲೆ ಬಹಳಷ್ಟು ಮೂತ್ರ ಮಾಡಿದ್ದರೆ ಅದು ಶೌಚ. ನಿಂತು, ಬಾಲ ಎತ್ತಿ ನಡುಗಿಸುತ್ತ, ಗೋಡೆಗೋ ಬಾಗಿಲಿಗೋ ಟ್ರೆಜರಿಗೋ ಸ್ವಲ್ಪವೇ ಚಿಮ್ಮಿಸಿದ್ದರೆ ಅದು ಗಡಿ ಗುರುತು. ಇದು ನನ್ನ ಸೀಮೆ ಎಂದು ಇನ್ನೊಂದು ಬೆಕ್ಕಿಗೆ ತಿಳಿಸುವ ರೀತಿ. ಹೊರಗೆ ಕಟ್ಟೆಯ ಮೇಲೆ ಊರ ಗಂಡು ಬೆಕ್ಕು ಬಂದು ಕೂತರೆ ಒಳಗಿನ ಬೆಕ್ಕು ಕಿಟಕಿಯ ಕೆಳಗೆ ಹೀಗೆ ಮಾಡುತ್ತದೆ. ಆ ಕಿಟಕಿಗೆ ಪರದೆ ಹಾಕಿದರೇ ಎಷ್ಟೋ ಕಡಿಮೆಯಾಗುತ್ತದೆ.

ಬೆದೆಗೆ ಬಂದ ಬೆಕ್ಕುಗಳಲ್ಲಿ ಇದು ಹೆಚ್ಚು. ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಗಂಡು ಬೆಕ್ಕುಗಳಲ್ಲಿ ಸುಮಾರು 100ಕ್ಕೆ 90ರಷ್ಟು ಈ ಚಾಳಿ ಬಿಡುತ್ತವೆ ಅಥವಾ ಬಹಳ ಕಡಿಮೆ ಮಾಡುತ್ತವೆ. ಮೂತ್ರದ ಘಾಟು ವಾಸನೆಯೂ ಇಳಿಯುತ್ತದೆ. ಐದಾರು ತಿಂಗಳ ವಯಸ್ಸಿನಲ್ಲಿ, ಚಾಳಿ ಅಂಟುವ ಮೊದಲೇ ಮಾಡಿಸಿದರೆ ಒಳ್ಳೆಯದು. ಇದು ಅಲ್ಲಾಹನ ಸೃಷ್ಟಿಯಲ್ಲಿ ಕೈ ಹಾಕಿದಂತೆ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಪ್ರಾಣಿಗೆ ಅಥವಾ ಮನೆಯವರಿಗೆ ಪ್ರಯೋಜನವಿದ್ದರೆ, ತೊಂದರೆ ತಪ್ಪುವಂತಿದ್ದರೆ ಪ್ರಾಣಿಗಳ ವಿಷಯದಲ್ಲಿ ಇದಕ್ಕೆ ಹನಫಿ ಫಿಕ್‌ಹ್‌ನಲ್ಲಿ ಅನುಮತಿಯಿದೆ. ಮನಸ್ಸಿಗೆ ಸಮಾಧಾನವಾಗದಿದ್ದರೆ ತಿಳಿದ ಆಲಿಮರನ್ನು ಕೇಳಿ. ವರ್ಷಕ್ಕೆ ಎರಡು ಮೂರು ಸೂಲು ಮರಿ ಹಾಕಿಸಿ, ಅವನ್ನು ಬೀದಿಪಾಲು ಮಾಡುವುದರಲ್ಲಿರುವ ಹೊಣೆಯನ್ನೂ ಆಗ ಲೆಕ್ಕಕ್ಕೆ ಹಿಡಿಯಬೇಕು.

ಉಸುಕಿನ ಬುಟ್ಟಿ ಹೇಗಿರಬೇಕು?

ಹೆಚ್ಚಿನ ಮನೆಗಳಲ್ಲಿ ತಪ್ಪು ಇಲ್ಲೇ ಇರುತ್ತದೆ. ಬೆಕ್ಕಿಗೆ ಬುಟ್ಟಿ ಇಟ್ಟಿದ್ದೇವೆ ಎನ್ನುತ್ತಾರೆ. ನೋಡಿದರೆ ಒಂದು ಹಳೆಯ ತಗಡಿನ ಡಬ್ಬಿ, ಅದರಲ್ಲಿ ನಾಲ್ಕು ದಿನದ ಹಸಿ ಉಸುಕು. ಅಂಥ ಕಡೆ ನಾವಾದರೂ ಹೋಗುತ್ತೇವೆಯೇ?

ಅಳತೆ: ಮೂಗಿನಿಂದ ಬಾಲದ ಬುಡದ ತನಕ ಬೆಕ್ಕಿನ ಉದ್ದ ಎಷ್ಟಿದೆಯೋ ಅದರ ಒಂದೂವರೆ ಪಟ್ಟು ಉದ್ದ ಇರಬೇಕು. ಒಳಗೆ ಸುತ್ತು ತಿರುಗಲು, ಕೆದರಲು ಜಾಗ ಬೇಕು. ಅಂಗಡಿಯ ದುಬಾರಿ ಡಬ್ಬಿಯೇ ಆಗಬೇಕೆಂದಿಲ್ಲ. ಅಗಲವಾದ ಪ್ಲಾಸ್ಟಿಕ್ ಟಬ್ ಸಾಕು. ಮರಿಗೆ, ಮುದಿ ಬೆಕ್ಕಿಗೆ ಒಂದು ಬದಿಯ ಅಂಚನ್ನು ಕತ್ತರಿಸಿ ತಗ್ಗು ಮಾಡಿ. ಮೇಲೆ ಮುಚ್ಚಳ ಬೇಡ. ವಾಸನೆ ಒಳಗೇ ನಿಂತು ಬೆಕ್ಕಿಗೆ ಹೇಸಿಗೆಯಾಗುತ್ತದೆ.

ಉಸುಕು: ಬೆಕ್ಕಿಗೆ ಸಣ್ಣ ಕಾಳಿನ, ಮೆತ್ತಗಿನ, ಒಣಗಿದ, ವಾಸನೆ ಇಲ್ಲದ ಉಸುಕು ಇಷ್ಟ. ಜರಡಿ ಹಿಡಿದು ಬಿಸಿಲಿಗೆ ಚೆನ್ನಾಗಿ ಒಣಗಿಸಿದ ಸಣ್ಣ ಉಸುಕು ಎರಡು ಮೂರು ಅಂಗುಲ ಇರಲಿ. ನಮ್ಮ ಎರೆ ಮಣ್ಣು ಇದಕ್ಕೆ ಬರುವುದಿಲ್ಲ. ಹಸಿಯಾದರೆ ಅಂಟುತ್ತದೆ, ಒಣಗಿದರೆ ಹೆಂಟೆ ಕಟ್ಟುತ್ತದೆ. ಒಲೆಯ ಬೂದಿಯೂ ಬೇಡ. ಕಾಲಿಗೆ ಮೂಗಿಗೆ ಹತ್ತಿ ಉರಿಯುತ್ತದೆ. ಜಲ್ಲಿಯಂಥ ದಪ್ಪ ಉಸುಕು ಪಾದಕ್ಕೆ ಚುಚ್ಚುತ್ತದೆ. ಅಂಗಡಿಯ ಲಿಟರ್ ತಂದರೆ ಸುಗಂಧ ಬೆರೆಸಿದ್ದನ್ನು ಬಿಡಿ. ಆ ವಾಸನೆ ನಮಗೆ ಹಿತ, ಬೆಕ್ಕಿಗೆ ಅಲ್ಲ. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಹಳೆಯದಕ್ಕೆ ಹೊಸದನ್ನು ದಿನಕ್ಕಿಷ್ಟು ಬೆರೆಸುತ್ತ ಒಂದು ವಾರ ತೆಗೆದುಕೊಳ್ಳಿ.

ಎಷ್ಟು ಬುಟ್ಟಿ: ಬೆಕ್ಕುಗಳ ಸಂಖ್ಯೆಗಿಂತ ಒಂದು ಹೆಚ್ಚು. ಒಂದು ಬೆಕ್ಕಿಗೆ ಎರಡು, ಎರಡು ಬೆಕ್ಕಿಗೆ ಮೂರು. ಎಲ್ಲವನ್ನೂ ಒಂದೇ ಕಡೆ ಸಾಲಾಗಿ ಇಟ್ಟರೆ ಬೆಕ್ಕಿನ ಲೆಕ್ಕದಲ್ಲಿ ಅದು ಒಂದೇ. ಬೇರೆ ಬೇರೆ ಕೋಣೆಯಲ್ಲಿ ಇಡಿ.

ಜಾಗ: ಗದ್ದಲವಿಲ್ಲದ, ಆದರೆ ಓಡಿಹೋಗಲು ದಾರಿಯಿರುವ ಕಡೆ ಇರಲಿ. ವಾಷಿಂಗ್ ಮಷೀನ್ ಪಕ್ಕ, ಹಿಟ್ಟಿನ ಗಿರಣಿಯ ಪಕ್ಕ, ಮಕ್ಕಳು ಓಡಾಡುವ ಬಾಗಿಲ ಬಳಿ ಬೇಡ. ಊಟದ ಬಟ್ಟಲಿನ ಹತ್ತಿರವೂ ಬೇಡ. ಬಚ್ಚಲಿನಲ್ಲಿ ಇಟ್ಟು, ಸ್ನಾನಕ್ಕೆಂದು ಬಾಗಿಲು ಹಾಕಿಕೊಂಡರೆ ಬೆಕ್ಕಿಗೆ ದಾರಿ ಎಲ್ಲಿ?

ಸ್ವಚ್ಛತೆ: ಹೊಲಸನ್ನು ದಿನಕ್ಕೆ ಒಂದೆರಡು ಸಲ ತೆಗೆಯಬೇಕು. ಸಾದಾ ಉಸುಕು ಮೂತ್ರವನ್ನು ಗಡ್ಡೆ ಕಟ್ಟಿ ಹಿಡಿಯುವುದಿಲ್ಲ, ಹಸಿ ಕೆಳಗಿಳಿಯುತ್ತದೆ. ಆದ್ದರಿಂದ ಎರಡು ಮೂರು ದಿನಕ್ಕೆ ಪೂರ್ತಿ ಬದಲಿಸಿ, ಬುಟ್ಟಿಯನ್ನು ಸಾದಾ ಸಾಬೂನಿನಿಂದ ತೊಳೆದು ಬಿಸಿಲಿಗಿಡಿ. ಬಸುರಿ ಹೆಣ್ಣುಮಕ್ಕಳು ಈ ಕೆಲಸ ಮಾಡಬಾರದು. ಬೆಕ್ಕಿನ ಮಲದಿಂದ ಟಾಕ್ಸೊಪ್ಲಾಸ್ಮಾ ಎಂಬ ರೋಗಾಣು ಹತ್ತಿದರೆ ಹೊಟ್ಟೆಯ ಕೂಸಿಗೆ ಅಪಾಯ. ಅದು ಹರಡುವ ಹಂತಕ್ಕೆ ಬರಲು ಕನಿಷ್ಠ ಒಂದು ದಿನವಾದರೂ ಬೇಕು. ಮಲವನ್ನು ದಿನದಿನವೂ ತೆಗೆಯುವುದಕ್ಕೆ ಇದೂ ಒಂದು ಕಾರಣ. ಯಾರೇ ತೆಗೆದರೂ ಸಾಬೂನು ಹಚ್ಚಿ ಕೈ ತೊಳೆಯಲಿ.

ಮನೆಯ ಗದ್ದಲ, ಬೆಕ್ಕಿನ ಭಯ

ಬೆಕ್ಕಿಗೆ ದಿನಚರಿ ಬದಲಾದರೆ ಆಗುವುದಿಲ್ಲ. ರಂಜಾನ್ ಬಂತೆಂದರೆ ಮನೆಗೆ ಸುಣ್ಣ ಬಣ್ಣ, ಸಹರಿಗೆ ನಸುಕಿನಲ್ಲೇ ದೀಪ, ಪಾತ್ರೆಯ ಸದ್ದು. ಬಕ್ರೀದಿಗೆ ಪಡಸಾಲೆಯಲ್ಲಿ ಹೋತ ಕಟ್ಟುತ್ತೇವೆ. ಮದುವೆಯಲ್ಲಿ ಮನೆ ತುಂಬ ಬೀಗರು. ಹೊಸ ಕೂಸು, ಹೊಸ ಬೆಕ್ಕು, ಪಟಾಕಿ. ನಮಗೆ ಸಂಭ್ರಮವಾದದ್ದು ಅದಕ್ಕೆ ದಿಗಿಲು. ಈ ದಿಗಿಲಿನಿಂದಲೇ ಕೆಲವು ಬೆಕ್ಕುಗಳ ಮೂತ್ರಕೋಶಕ್ಕೆ ಉರಿಯೂತ ಬರುವುದನ್ನು ಪಶುವೈದ್ಯರು ಕಂಡುಕೊಂಡಿದ್ದಾರೆ.

ಆದ್ದರಿಂದ ಮನೆಯಲ್ಲಿ ಗದ್ದಲವಿರುವ ದಿನಗಳಲ್ಲಿ ಬೆಕ್ಕಿಗೆ ಒಂದು ಶಾಂತ ಕೋಣೆ ಬಿಟ್ಟುಕೊಡಿ. ಅದರ ಹಾಸಿಗೆ, ನೀರು, ಒಂದು ಉಸುಕಿನ ಬುಟ್ಟಿ ಅಲ್ಲಿರಲಿ. ಹತ್ತಿ ಕೂರಲು ಎತ್ತರದ ಜಾಗ ಇರಲಿ. ಊಟದ ಹೊತ್ತು ತಪ್ಪಿಸಬೇಡಿ. ಮನೆಯಲ್ಲಿ ಎರಡು ಬೆಕ್ಕಿದ್ದು ಒಂದು ಇನ್ನೊಂದನ್ನು ಬುಟ್ಟಿಯ ಬಳಿ ಕಾದು ಹೆದರಿಸುತ್ತಿದ್ದರೆ ಇಬ್ಬರ ಊಟ, ನೀರು, ಬುಟ್ಟಿ ಬೇರೆ ಬೇರೆ ಕಡೆ ಮಾಡಿ.

ತೊಳೆಯುವ ಕ್ರಮ

ನವಲಗುಂದದ ಜಮಖಾನೆಗಳನ್ನು ನಮ್ಮ ಸಮುದಾಯದ ಹೆಣ್ಣುಮಕ್ಕಳೇ ತಲೆತಲಾಂತರದಿಂದ ಕೈಮಗ್ಗದಲ್ಲಿ ನೇಯುತ್ತ ಬಂದಿದ್ದಾರೆ. ಜಿಐ ಮಾನ್ಯತೆ ಪಡೆದ ಕಸುಬು ಅದು. ಜಾನಮಾಜುಗಳನ್ನೂ ಅವರು ನೇಯುತ್ತಾರೆ. ಅಂಥ ಒಂದು ಹತ್ತಿಯ ಜಾನಮಾಜಿನಲ್ಲಿ ಎಷ್ಟೋ ದಿನದ ದುಡಿಮೆ ಇರುತ್ತದೆ. ಎಷ್ಟೋ ಮನೆಗಳಲ್ಲಿ ಅದು ಅಜ್ಜಿಯ ಕಾಲದ್ದು. ಬೆಕ್ಕು ಹಾಳು ಮಾಡಿತೆಂದು ಎಸೆಯುವ ಮೊದಲು ಹೀಗೆ ಮಾಡಿ.

ಮೂತ್ರ ಹಸಿ ಇರುವಾಗಲೇ ಹಳೆಯ ಬಟ್ಟೆಯನ್ನು ಒತ್ತಿ ಹೀರಿಸಿಕೊಳ್ಳಿ. ತಿಕ್ಕಿದರೆ ಒಳಕ್ಕೆ ಇಳಿಯುತ್ತದೆ. ತಣ್ಣೀರು ಹಾಕಿ ಮತ್ತೆ ಹೀರಿಸಿ. ಒಂದು ಪಾಲು ಬಿಳಿ ಸಿರ್ಕಾಕ್ಕೆ ಎರಡು ಪಾಲು ನೀರು ಬೆರೆಸಿ, ಬಣ್ಣ ಬಿಡುತ್ತದೆಯೇ ಎಂದು ಮೂಲೆಯಲ್ಲಿ ಪರೀಕ್ಷಿಸಿ, ಆಮೇಲೆ ಸವರಿ. ಒಣಗಿದ ಮೇಲೆ ಅಡಿಗೆ ಸೋಡಾ ಉದುರಿಸಿ ಝಾಡಿಸಿ. ಹಳೆಯ ಕಲೆಗೆ ಎಂಜೈಮ್ ಇರುವ ದ್ರಾವಣ ಬೇಕಾಗುತ್ತದೆ. ಸಾಕುಪ್ರಾಣಿಗಳ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ಮೂತ್ರದಲ್ಲಿರುವ ಯೂರಿಕ್ ಆಮ್ಲದ ಹರಳು ಬರೀ ನೀರಿಗೆ ಕರಗುವುದಿಲ್ಲ. ಬೇಸಿಗೆಯಲ್ಲಿ ಹೋಯಿತೆಂದುಕೊಂಡ ವಾಸನೆ ಮಳೆಗಾಲದ ತೇವಕ್ಕೆ ಮತ್ತೆ ಏಳುವುದು ಇದರಿಂದಲೇ. ಎಂಜೈಮು ಅದನ್ನು ಒಡೆಯುತ್ತದೆ. ಇಷ್ಟಾದ ಮೇಲೆ ಕೊನೆಗೆ ಮೇಲೆ ಹೇಳಿದಂತೆ ಮೂರು ಸಲ ತೊಳೆದು, ಗಾಳಿಗೆ ಒಣಹಾಕಿ. ವಾಸನೆ ಎಲ್ಲಿಂದ ಬರುತ್ತಿದೆ ಎಂದು ಗೊತ್ತಾಗದಿದ್ದರೆ, ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಸಣ್ಣ ಬ್ಯಾಟರಿಯನ್ನು ಕತ್ತಲಲ್ಲಿ ಹಿಡಿದು ನೋಡಿ; ಮೂತ್ರದ ಕಲೆ ಹೊಳೆಯುತ್ತದೆ.

ಎರಡು ವಸ್ತುಗಳಿಂದ ದೂರವಿರಿ. ಒಂದು ಫಿನೈಲ್. ಫೀನಾಲ್ ಜಾತಿಯ ಪದಾರ್ಥಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಬಹಳ ಕಡಿಮೆ. ಅದು ನೆಲದ ಮೇಲೆ ನಡೆದು ಪಾದ ನೆಕ್ಕಿಕೊಂಡರೆ ವಿಷ ಒಳಗೆ ಹೋದಂತೆ. ಎರಡನೆಯದು ಬ್ಲೀಚಿಂಗ್ ಪುಡಿ. ಮೂತ್ರದ ಅಮೋನಿಯಾ ಜೊತೆ ಅದು ಸೇರಿದರೆ ಉಸಿರಿಗೆ ಕೆಟ್ಟ ಅನಿಲ ಏಳುತ್ತದೆ. ಸಿರ್ಕಾದ ಜೊತೆಗೂ ಅದನ್ನು ಬೆರೆಸಬಾರದು.

ಮತ್ತೆ ರೂಢಿ ಮಾಡಿಸುವುದು

ಒಬ್ಬ ಬದವಿ ಮಸ್ಜಿದುನ್ನಬವಿಯಲ್ಲೇ ಮೂತ್ರ ಮಾಡತೊಡಗಿದಾಗ ಸಹಾಬಿಗಳು ಗದರಿಸಲು ಎದ್ದರು. ಪ್ರವಾದಿ(ಸ)ರು ಅವರನ್ನು ತಡೆದು, ಅವನು ಮುಗಿಸುವ ತನಕ ಬಿಟ್ಟು, ನಂತರ ಆ ಜಾಗಕ್ಕೆ ಒಂದು ಬಕೆಟ್ ನೀರು ಸುರಿಸಿದರು. ಕಷ್ಟ ಕೊಡಲಿಕ್ಕಲ್ಲ, ಸುಲಭ ಮಾಡಲಿಕ್ಕೆ ನಿಮ್ಮನ್ನು ಕಳಿಸಲಾಗಿದೆ ಎಂಬ ಅರ್ಥದ ಮಾತನ್ನೂ ಹೇಳಿದರು. ಬುದ್ಧಿಯುಳ್ಳ ಮನುಷ್ಯನ ವಿಷಯದಲ್ಲೇ ಇಷ್ಟು ಸಹನೆ ಕಲಿಸಿದ್ದರೆ, ಬುದ್ಧಿಯಿಲ್ಲದ ಬೆಕ್ಕಿನ ವಿಷಯದಲ್ಲಿ ನಮ್ಮ ನಡೆ ಹೇಗಿರಬೇಕು?

ಬೆಕ್ಕಿನ ಮೂಗನ್ನು ಮೂತ್ರಕ್ಕೆ ತಿಕ್ಕುವುದು, ಪೊರಕೆಯಿಂದ ಹೊಡೆಯುವುದು, ಬಿಸಿನೀರು ಎರಚುವುದು ನಮ್ಮಲ್ಲಿ ನಡೆಯುತ್ತದೆ. ಇದು ದಯೆಗೂ ವಿರುದ್ಧ, ಪ್ರಯೋಜನವೂ ಇಲ್ಲ. ಯಾಕೆ ಹೊಡೆದರೆಂದು ಬೆಕ್ಕಿಗೆ ತಿಳಿಯುವುದಿಲ್ಲ. ಇವರ ಎದುರಿಗೆ ಮಾಡಿದರೆ ಏಟು ಬೀಳುತ್ತದೆ ಎಂದಷ್ಟೇ ಕಲಿತು, ಟ್ರೆಜರಿಯ ಹಿಂದೆ, ಕಾಟಿನ ಕೆಳಗೆ ಕದ್ದು ಮಾಡತೊಡಗುತ್ತದೆ. ಭಯ ಹೆಚ್ಚಿದಷ್ಟೂ ಚಾಳಿ ಹೆಚ್ಚುತ್ತದೆ.

ಬದಲಿಗೆ ಹೀಗೆ ಮಾಡಿ. ಎರಡು ಮೂರು ವಾರ ಬೆಕ್ಕನ್ನು ಒಂದೇ ಕೋಣೆಯಲ್ಲಿ, ಒಳ್ಳೆಯ ಎರಡು ಬುಟ್ಟಿಯೊಂದಿಗೆ ಇಡಿ. ದಿನಕ್ಕೆ ನಾಲ್ಕಾರು ಸಲ ಹೋಗಿ ಜೊತೆಗೆ ಕೂತು ಆಡಿಸಿ. ಅಲ್ಲಿ ಸರಿಯಾಗಿ ಮಾಡತೊಡಗಿದ ಮೇಲೆ ಉಳಿದ ಕೋಣೆಗಳನ್ನು ಒಂದೊಂದಾಗಿ ತೆರೆಯಿರಿ. ಒಂದೇ ಜಾಗಕ್ಕೆ ಹಟ ಹಿಡಿದಿದ್ದರೆ ಬುಟ್ಟಿಯನ್ನು ಅಲ್ಲೇ ಇಟ್ಟು, ರೂಢಿಯಾದ ಮೇಲೆ ದಿನಕ್ಕೆ ಒಂದು ಗೇಣಿನಂತೆ ನಿಮಗೆ ಬೇಕಾದ ಕಡೆಗೆ ಸರಿಸಿ. ಇಲ್ಲವೇ ಆ ಜಾಗವನ್ನು ಚೆನ್ನಾಗಿ ತೊಳೆದು ಅಲ್ಲಿ ಅದರ ಊಟದ ಬಟ್ಟಲಿಡಿ. ಉಣ್ಣುವ ಕಡೆ ಬೆಕ್ಕು ಸಾಮಾನ್ಯವಾಗಿ ಹೊಲಸು ಮಾಡುವುದಿಲ್ಲ. ಜಾನಮಾಜನ್ನು ನಮಾಜು ಮುಗಿದ ಕೂಡಲೇ ಮಡಿಚಿ ಗೂಟಕ್ಕೆ ಹಾಕುವುದನ್ನು ಮನೆಯವರೆಲ್ಲ ರೂಢಿ ಮಾಡಿಕೊಳ್ಳಲಿ.

ಚೀಲದಲ್ಲಿ ಕಟ್ಟಿ ಬಿಟ್ಟು ಬರುವವರಿಗೆ ಒಂದು ಮಾತು

ಬೇಸತ್ತ ಎಷ್ಟೋ ಮನೆಗಳಲ್ಲಿ ಕೊನೆಗೆ ಗೋಣಿಚೀಲ ಹೊರಬರುತ್ತದೆ. ಬೆಕ್ಕನ್ನು ಅದರಲ್ಲಿ ಹಾಕಿ, ಗಾಡಿಯ ಮೇಲೆ ಒಯ್ದು, ದೂರದ ಹೊಲದಲ್ಲೋ ಸಂತೆ ಬಯಲಲ್ಲೋ ಬಿಟ್ಟು ಬರುತ್ತಾರೆ. ಬಿಟ್ಟರೆ ಹೇಗಾದರೂ ಬದುಕಿಕೊಳ್ಳುತ್ತದೆ ಎಂಬುದು ಸಮಾಧಾನ. ಮನೆಯೊಳಗೇ ಬೆಳೆದ ಬೆಕ್ಕಿಗೆ ಬೇಟೆ ತಿಳಿಯದು, ನಾಯಿಯ ಭಯ ತಿಳಿಯದು, ರಸ್ತೆ ತಿಳಿಯದು.

ಬೆಕ್ಕೊಂದನ್ನು ಕೂಡಿಹಾಕಿ, ತಾನೂ ಉಣಿಸದೆ, ನೆಲದ ಹುಳ ಹುಪ್ಪಟೆ ತಿಂದು ಬದುಕಲೂ ಬಿಡದೆ ಸಾಯಿಸಿದ ಹೆಂಗಸು ಅದೇ ಕಾರಣಕ್ಕೆ ಶಿಕ್ಷೆಗೆ ಗುರಿಯಾದಳು ಎಂದು ಬುಖಾರಿ, ಮುಸ್ಲಿಮ್ ಹದೀಸ್‌ಗಳಲ್ಲಿದೆ. ಬಾಯಾರಿದ ನಾಯಿಗೆ ಬಾವಿಗಿಳಿದು ತನ್ನ ಪಾದರಕ್ಷೆಯಲ್ಲಿ ನೀರು ತಂದು ಕುಡಿಸಿದವನನ್ನು ಅಲ್ಲಾಹನು ಕ್ಷಮಿಸಿದ್ದೂ ಅಲ್ಲೇ ಇದೆ. ಪ್ರಾಣಿಯನ್ನು ನಮ್ಮ ವಶಕ್ಕೆ ತೆಗೆದುಕೊಂಡ ಮೇಲೆ ಅದರ ಬದುಕಿನ ದಾರಿ ನಮ್ಮ ಕೈಯಲ್ಲಿರುತ್ತದೆ. ಆ ದಾರಿ ಮುಚ್ಚಿದ್ದಕ್ಕೆ ಪ್ರಶ್ನೆ ಬರುತ್ತದೆ. ದೇಶದ ಕಾನೂನು ಕೂಡ ಇದನ್ನು ಒಪ್ಪುವುದಿಲ್ಲ. ಹಸಿವು ನೀರಡಿಕೆಯಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ಬಿಟ್ಟುಬಿಡುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ ಪ್ರಕಾರ ಅಪರಾಧ.

ಎಲ್ಲ ಪ್ರಯತ್ನ ಮಾಡಿಯೂ ಆಗದಿದ್ದರೆ, ಬೆಕ್ಕನ್ನು ಬೇಕೆನ್ನುವ ಮನೆಗೆ, ಅದರ ಚಾಳಿಯನ್ನು ಮುಚ್ಚಿಡದೆ ಹೇಳಿ ಕೊಡಿ. ಹಿತ್ತಲು, ಕಣ, ಕೊಟ್ಟಿಗೆ ಇರುವ ರೈತರ ಮನೆಯಲ್ಲಿ ಇಲಿ ಹಿಡಿಯುವ ಬೆಕ್ಕಿಗೆ ಇಂದಿಗೂ ಜಾಗವಿದೆ. ಹೊಸ ಮನೆಯಲ್ಲಿ ಕೆಲವು ದಿನ ಒಳಗೇ ಇಟ್ಟು, ಆಮೇಲೆ ಹೊರಗೆ ಬಿಡಲು ಹೇಳಿ. ಬೆಕ್ಕು ತರಬೇಕೆಂದು ಮಕ್ಕಳು ಹಟ ಮಾಡುತ್ತಿರುವ ಮನೆಯವರು, ತರುವ ಮೊದಲೇ ದಿನದಿನ ಉಸುಕು ತೆಗೆಯುವವರು ಯಾರು ಎಂದು ತೀರ್ಮಾನಿಸಿಕೊಳ್ಳಲಿ. ಆ ಕೆಲಸವನ್ನು ತಾಯಿಯ ತಲೆಗೆ ಕಟ್ಟದೆ ಮಕ್ಕಳಿಂದಲೇ ಮಾಡಿಸಿದರೆ ಅವರಿಗೆ ಪಾಕಿಯ ಪಾಠವೂ ಆಯಿತು, ದಯೆಯ ಪಾಠವೂ ಆಯಿತು.

ಅಲ್ಲಾಹನು ನಮ್ಮ ಮನೆಗಳನ್ನೂ ನಮ್ಮ ನಮಾಜಿನ ಜಾಗಗಳನ್ನೂ ಪಾಕ್ ಆಗಿಡ ಲು ನಮಗೆ ತೌಫೀಕ್ ನೀಡಲಿ. ನಮ್ಮ ವಶಕ್ಕೆ ಕೊಟ್ಟ ಬಾಯಿಲ್ಲದ ಜೀವಗಳ ಹಕ್ಕನ್ನು ಸಲ್ಲಿಸುವವರಲ್ಲಿ ನಮ್ಮನ್ನು ಸೇರಿಸಲಿ. ಆಮೀನ್.